ಎರಡು ಸಲ ಮುಳುಗಿದ ಗಾಡಿ

2024ರ ಆಗಸ್ಟ್ ಕೊನೆಯ ದಿನಗಳು. ವಡೋದರಾದ ಸಮಾ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನ ಕೆಳಗೆ ನೀರು ಇಳಿದು ಕೆಸರು ಉಳಿದಿತ್ತು. ಇಪ್ಪತ್ತನಾಲ್ಕು ವರ್ಷದ ಹುಡುಗಿಯೊಬ್ಬಳು ಪ್ಯಾಂಟು ಮಡಚಿಕೊಂಡು ಪಾರ್ಕಿಂಗಿಗೆ ಇಳಿದು, ತನ್ನ ಬೈಕಿನ ಮೇಲಿನ ಕೆಸರನ್ನು ಅಂಗೈಯಲ್ಲಿ ಒಮ್ಮೆ ಬಳಿದು, ಕೀ ಹಾಕಿದಳು. ಹೆಬ್ಬೆರಳು ಇನ್ನೇನು ಸೆಲ್ಫ್ ಸ್ಟಾರ್ಟ್ ಗುಂಡಿಯ ಮೇಲಿತ್ತು.

ಮೆಟ್ಟಿಲ ಮೇಲಿಂದ ಕೂಗು ಬಂತು: "ಮುಟ್ಟಬ್ಯಾಡವ್ವಾ!"

"ಸ್ಟಾರ್ಟ್ ಆಗುತ್ತೋ ಇಲ್ವೋ ನೋಡ್ತೀನಿ ಅಷ್ಟೇ, ಅಪ್ಪಾಜಿ."

"ಹಂಗೆ ನೋಡಾಕೆ ಹೋಗೇ ಸೂರತ್ನಾಗೆ ಎಂಜಿನ್ ಕಳ್ಕಂಡಿದ್ದು."

ಅವರ ಊರು ದಾವಣಗೆರೆ ಹತ್ತಿರ. ಔಷಧ ಕಂಪನಿಯೊಂದರ ಪ್ರತಿನಿಧಿಯಾಗಿ ಅಹಮದಾಬಾದಿಗೆ ಬಂದವರು, ಅಲ್ಲಿಂದ ಸೂರತ್ತಿಗೆ, ಸೂರತ್ತಿನಿಂದ ವಡೋದರಾಕ್ಕೆ ವರ್ಗವಾದರು. ಮೂರು ಊರುಗಳಲ್ಲೂ ಅವರ ಜೊತೆ ಇದ್ದದ್ದು 1998ರಲ್ಲಿ ಕೊಂಡ ಒಂದು ಸ್ಪ್ಲೆಂಡರ್. ಅದರ ನಂಬರು ಇವತ್ತಿಗೂ ಜಿಜೆ-1, ಅಂದರೆ ಅಹಮದಾಬಾದಿನದು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಓ ಕಚೇರಿಗೆ ಹೋಗಿ ಫಿಟ್‌ನೆಸ್ ತೋರಿಸಿ ನೋಂದಣಿ ಹೊಸದು ಮಾಡಿಸುತ್ತಾರೆ. ಹೆಂಡತಿ ಇದನ್ನು ಹುಚ್ಚು ಅನ್ನುತ್ತಾರೆ. ಹುಚ್ಚೇ ಇರಬಹುದು. ಆದರೆ ಒಂದು ಗಾಡಿಯನ್ನು ಇಪ್ಪತ್ತಾರು ವರ್ಷ ತೊಳೆದವರಿಗೆ ತೊಳೆಯುವುದರ ಬಗ್ಗೆ ಹೇಳಲು ಏನಾದರೂ ಇದ್ದೇ ಇರುತ್ತದೆ.

ಅವರ ತೊಳೆಯುವ ಪಾಠ ಶುರುವಾದದ್ದು ಗಾಡಿಯಿಂದಲ್ಲ, ಎತ್ತುಗಳಿಂದ. ಕಾರ ಹುಣ್ಣಿಮೆಯ ಬೆಳಿಗ್ಗೆ ಎತ್ತುಗಳನ್ನು ಕೆರೆಗೆ ಹೊಡೆದುಕೊಂಡು ಹೋಗಿ ಹುಲ್ಲಿನ ಸಿವುಡು ಹಿಡಿದು ಮೈ ತಿಕ್ಕುವುದು. ಅವರ ತಂದೆ ಒಂದು ಕೈಯಲ್ಲಿ ತಿಕ್ಕುತ್ತ ಇನ್ನೊಂದು ಬರಿಗೈಯನ್ನು ಹಿಂದೆಯೇ ಸವರಿಕೊಂಡು ಬರುತ್ತಿದ್ದರಂತೆ. ಉಣ್ಣೆ ಕಚ್ಚಿದೆಯೇ, ನೊಗ ಉಜ್ಜಿದ ಹೆಗಲು ಬಾತಿದೆಯೇ, ಗೊರಸಿನ ಸಂದಿನಲ್ಲಿ ಕಲ್ಲು ಸಿಕ್ಕಿದೆಯೇ ಎಂಬುದೆಲ್ಲ ಆ ಬರಿಗೈಗೆ ಗೊತ್ತಾಗುತ್ತಿತ್ತು. ಕೊಂಬಿಗೆ ಬಣ್ಣ ಬಳಿಯುವುದು ಆಮೇಲಿನ ಮಾತು. ಗಾಡಿ ತೊಳೆಯುವಾಗ ಅವರ ಎಡಗೈ ಈಗಲೂ ಹಾಗೆಯೇ ಬಟ್ಟೆಯ ಹಿಂದೆ ಸವರಿಕೊಂಡು ಬರುತ್ತದೆ.

ಅಹಮದಾಬಾದಿನಲ್ಲಿ ಅವರ ಬಾಡಿಗೆ ಮನೆ ಇದ್ದದ್ದು ಖಾಡಿಯಾದ ಒಂದು ಪೋಳಿನಲ್ಲಿ. ಪೋಳ್ ಅಂದರೆ ಹಳೆಯ ಕೋಟೆಯೊಳಗಿನ ಓಣಿ. ಮನೆಗೆ ಮನೆ ಅಂಟಿಕೊಂಡು, ಎರಡು ಗಾಡಿ ಎದುರಾದರೆ ಒಂದು ಹಿಂದೆ ಸರಿಯಬೇಕು. 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಇದೇ ಹಳೆಯ ನಗರವನ್ನು. ಪೋಳುಗಳಲ್ಲಿ ಚಬೂತರೊ ಇರುತ್ತದೆ. ಕಂಬದ ಮೇಲೆ ಕೆತ್ತನೆ ಮಾಡಿದ ಹಕ್ಕಿಗೂಡಿನಂಥ ಕಟ್ಟಡ, ಪಾರಿವಾಳಗಳಿಗೆ ಕಾಳು ಹಾಕಲು. ನೋಡಲು ಬಹಳ ಚೆಂದ, ಅದರ ಹತ್ತಿರ ಗಾಡಿ ನಿಲ್ಲಿಸದಿದ್ದರೆ. ಒಣಗಿದ ಹಿಕ್ಕೆಯನ್ನು ಉಗುರಿನಿಂದ ಕೆರೆದು ತೆಗೆದ ಮೊದಲ ವಾರವೇ ಹೊಸ ಟ್ಯಾಂಕಿನ ಮೇಲೆ ಮಂಕು ಕಲೆ ಬಿತ್ತು. ಹಿಕ್ಕೆಯಲ್ಲಿರುವ ಆಮ್ಲ ಬಣ್ಣವನ್ನು ತಿನ್ನುತ್ತದೆ, ಒಳಗಿನ ಕಾಳಿನ ಚೂರು ಗೀರುತ್ತದೆ. ಪಕ್ಕದ ಮನೆಯ ಕಾಕಾ ಒದ್ದೆ ಗಾಭೊ ತಂದು ಅದರ ಮೇಲೆ ಹಾಸಿ ಹತ್ತು ನಿಮಿಷ ಬಿಡಲು ಹೇಳಿದರು. ಗಾಭೊ ಅಂದರೆ ಗುಜರಾತಿಯಲ್ಲಿ ಒರೆಸುವ ಹಳೆ ಬಟ್ಟೆ. ನೆನೆದ ಮೇಲೆ ಹಿಕ್ಕೆ ತಾನಾಗಿಯೇ ಎದ್ದು ಬಂತು. ಒಣಗಿದ್ದು ಯಾವುದನ್ನೂ ಒಣಗಿದಂತೆಯೇ ಒರೆಸಬಾರದು ಎಂಬುದು ಅವತ್ತಿನಿಂದ ಅವರ ಮೊದಲ ನಿಯಮ. ಧೂಳಿಗೂ ಇದೇ. ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಒಣ ಬಟ್ಟೆಯಲ್ಲಿ ಟ್ಯಾಂಕನ್ನು ಫಟಫಟ ಹೊಡೆದು ಉಜ್ಜುವವರು ಮರಳು ಕಾಗದ ಹಿಡಿದು ಉಜ್ಜಿದಂತೆ. ಆದರೂ ಭಾರತದ ತುಂಬ ಎಲ್ಲರೂ ಮಾಡುವುದು ಅದನ್ನೇ.

ಪೋಳಿನಲ್ಲಿ ನಲ್ಲಿ ನೀರು ಬೆಳಿಗ್ಗೆ ಕೆಲಹೊತ್ತು ಮಾತ್ರ, ಉಳಿದದ್ದು ಬೋರ್‌ವೆಲ್. ಬೋರಿನದು ಗಡಸು ನೀರು. ಬಿಸಿಲಲ್ಲಿ ತೊಳೆದರೆ ಒಂದೊಂದು ಹನಿಯೂ ಆರಿ ಬಿಳಿ ಚುಕ್ಕೆಯಾಗಿ ಕೂರುತ್ತದೆ. ಹಳೆಯ ಮನೆಗಳ ಅಂಗಳದ ಕೆಳಗೆ ಟಾಂಕಾ ಇರುತ್ತವೆ. ಚಾವಣಿಯ ಮಳೆ ನೀರನ್ನು ವರ್ಷವಿಡೀ ಕುಡಿಯಲು ಕೂಡಿಡುವ ನೆಲಮಾಳಿಗೆಯ ತೊಟ್ಟಿ. ಮಳೆ ನೀರು ಮೆದು, ಕಲೆ ಬಿಡುವುದಿಲ್ಲ. ಹಾಗಂತ ಕುಡಿಯುವ ನೀರನ್ನು ಗಾಡಿಗೆ ಸುರಿಯಲು ಯಾರು ಬಿಟ್ಟಾರು? ಅವರೂ ಕೇಳಲಿಲ್ಲ. ಬದಲಿಗೆ ಎರಡು ಅರ್ಧ ಬಕೆಟ್ಟು ಬೋರಿನ ನೀರಲ್ಲೇ, ನೆರಳಿನಲ್ಲಿ, ಎಂಜಿನ್ ತಣ್ಣಗಿರುವಾಗ ಮುಗಿಸುವುದನ್ನು ಕಲಿತರು. ಒಂದರಲ್ಲಿ ಒಂದು ಸ್ಯಾಶೆ ಶ್ಯಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿ ನೀರು. ಮೇಲಿನಿಂದ ಕೆಳಕ್ಕೆ: ಟ್ಯಾಂಕು, ಸೀಟು, ಪಕ್ಕದ ಹಲಗೆಗಳು, ಕೊನೆಗೆ ಎಂಜಿನ್ನು ಮತ್ತು ಚಕ್ರ. ಚಕ್ರಕ್ಕೆ ಬೇರೆಯದೇ ಬಟ್ಟೆ. ಬಟ್ಟೆ ಒಗೆಯುವ ಪುಡಿ ಹಾಕಿದರೆ ಬೇಗ ಹೋಗುತ್ತದೆ ನಿಜ, ಜೊತೆಗೆ ಬಣ್ಣದ ಮೇಲಿನ ಮೇಣವೂ ಹೋಗುತ್ತದೆ. ಆಮೇಲೆ ನೀರು ಆರುವುದನ್ನು ಕಾಯದೆ ಹಳೆ ಬನಿಯನ್ನಿನಿಂದ ಒತ್ತಿ ಒರೆಸುವುದು. ಈ ಒರೆಸುವ ಕೆಲಸಕ್ಕೆ ಅವರು ತೊಳೆಯುವುದಕ್ಕಿಂತ ಹೆಚ್ಚು ಹೊತ್ತು ಕೊಡುತ್ತಾರೆ.

ಅಹಮದಾಬಾದ್ ಕೊಟ್ಟ ದೊಡ್ಡ ಪಾಠ ಮಾತ್ರ ಉತ್ತರಾಯಣದ್ದು. ಜನವರಿ 14 ಬಂತೆಂದರೆ ಇಡೀ ಊರು ಮಾಳಿಗೆಯ ಮೇಲೆ. ಗಾಳಿಪಟದ ದಾರಕ್ಕೆ ಗಾಜಿನ ಪುಡಿ ಸವರಿರುತ್ತಾರೆ. ಆ ಮಾಂಜಾ ಕುತ್ತಿಗೆ ಕುಯ್ಯಬಾರದೆಂದು ದ್ವಿಚಕ್ರ ಸವಾರರು ಹ್ಯಾಂಡಲಿಗೆ ಕಮಾನಿನಂಥ ತಂತಿ ಕಟ್ಟಿಕೊಳ್ಳುತ್ತಾರೆ, ಕೊರಳಿಗೆ ಮಫ್ಲರ್ ಸುತ್ತಿಕೊಳ್ಳುತ್ತಾರೆ. ಕುತ್ತಿಗೆಯನ್ನೇನೋ ಎಲ್ಲರೂ ಕಾಪಾಡಿಕೊಳ್ಳುತ್ತಾರೆ. ರಸ್ತೆಯ ಮೇಲೆ ಬಿದ್ದ ದಾರ ಚಕ್ರಕ್ಕೆ ಸುತ್ತಿಕೊಂಡು ಎಲ್ಲಿಗೆ ಹೋಗುತ್ತದೆಂದು ನೋಡುವವರು ಕಡಿಮೆ. ಒಂದು ಭಾನುವಾರ ತೊಳೆಯುವಾಗ ಅವರ ಎಡಗೈಗೆ ಮುಂದಿನ ಚಕ್ರದ ಅಚ್ಚಿನ ಹತ್ತಿರ ಮೆತ್ತನೆಯ ಉಂಡೆಯೊಂದು ತಾಕಿತು. ಕಣ್ಣಿಗೆ ಅದು ಬರಿಯ ಗ್ರೀಸಿನ ಕೊಳೆ. ಬ್ಲೇಡಿನಿಂದ ಕೊಯ್ದು ಎಳೆದರೆ ಮಾರುಗಟ್ಟಲೆ ಮಾಂಜಾ ಬಂತು. ಬೇರಿಂಗಿನ ಸೀಲನ್ನು ಅದಾಗಲೇ ಅರ್ಧ ಕೊಯ್ದಿತ್ತು. ಇನ್ನಷ್ಟು ದಿನ ಬಿಟ್ಟಿದ್ದರೆ ಒಳಗೆ ನೀರು, ಧೂಳು ಹೋಗಿ ಬೇರಿಂಗ್ ಸವೆದು ಚಕ್ರ ಅಲ್ಲಾಡತೊಡಗುತ್ತಿತ್ತು. ಪ್ರೆಶರ್ ಪಂಪಿನಲ್ಲಿ ವಾಟರ್ ಸರ್ವಿಸ್ ಮಾಡಿಸಿದ್ದರೆ? ಆ ರಭಸಕ್ಕೆ ಉಂಡೆಯ ಮೇಲಿನ ಕೊಳೆ ಹೋಗಿ ಉಂಡೆ ಅಲ್ಲೇ ಇರುತ್ತಿತ್ತು, ಮೇಲಾಗಿ ಹರಿದ ಸೀಲಿನೊಳಕ್ಕೆ ನೀರು ನುಗ್ಗುತ್ತಿತ್ತು. ಚಕ್ರದ ಗುಂಬ, ಹ್ಯಾಂಡಲಿನ ಕೋನ್ ಸೆಟ್, ವೈರಿನ ಜೋಡಣೆಗಳು, ಸೈಲೆನ್ಸರಿನ ಬಾಯಿ, ಇವಕ್ಕೆ ಪಂಪಿನ ನೀರು ನೇರವಾಗಿ ಹೊಡೆಯಬಾರದು. ವಾಟರ್ ಸರ್ವಿಸಿನವರು ಕೊನೆಗೆ ಹೊಳಪಿಗೆಂದು ಡೀಸೆಲ್ ಸಿಂಪಡಿಸುತ್ತಾರಲ್ಲ, ಅದು ರಬ್ಬರಿಗೆ ಕೆಡುಕು. ಅಹಮದಾಬಾದಿನ ಧೂಳಿಗಂತೂ ಅಂಟಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಸಿಗದು.

ಸೂರತ್ತಿನಲ್ಲಿ ಎಲ್ಲೆಲ್ಲೂ ಬಟ್ಟೆ. ಆದರೆ ಒರೆಸಲು ಬಟ್ಟೆಯಿಲ್ಲ. ಅದು ಸಿಂಥೆಟಿಕ್ ಸೀರೆಗಳ ಊರು. ಚೂರುಪಾರು ಬೇಕಾದಷ್ಟು ಬಿಟ್ಟಿ ಸಿಗುತ್ತದೆ, ಒಂದೂ ನೀರು ಹೀರುವುದಿಲ್ಲ, ನೀರನ್ನು ಅತ್ತಿಂದಿತ್ತ ತಳ್ಳುತ್ತದೆ ಅಷ್ಟೆ. ಹತ್ತಿ ಬನಿಯನ್ನುಗಳನ್ನು ದಾವಣಗೆರೆಯಿಂದಲೇ ತರುತ್ತಿದ್ದರು.

2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನಿಂದ ಸುಮಾರು 9 ಲಕ್ಷ ಕ್ಯೂಸೆಕ್‌ವರೆಗೆ ನೀರು ಬಿಟ್ಟಾಗ ತಾಪಿ ಸೂರತ್ತನ್ನು ನುಂಗಿತು. ನಗರದ ಬಹುಪಾಲು ನೀರಿನಡಿ ಇತ್ತು. ಅವರಿದ್ದ ಅಡಾಜಣ್‌ನಲ್ಲಿ ನೀರು ಇಳಿಯಲು ದಿನಗಳೇ ಹಿಡಿದವು. ಮಗಳಿಗೆ ಆಗ ಆರು ವರ್ಷ. ನೀರಿಳಿದ ಮೇಲೆ ಅಪ್ಪ ಮಾಡಿದ ಮೊದಲ ಕೆಲಸ ಗಾಡಿ ತೊಳೆದದ್ದು ಎಂದು ಅವಳಿಗೆ ಚೆನ್ನಾಗಿ ನೆನಪಿದೆ. ಅಷ್ಟು ಚೆನ್ನಾಗಿ ಅದನ್ನು ಅವರು ಹಿಂದೆಂದೂ ತೊಳೆದಿರಲಿಲ್ಲ. ಸೀಟು ಬಿಚ್ಚಿ, ಪಕ್ಕದ ಹಲಗೆ ಬಿಚ್ಚಿ, ಹಲ್ಲುಜ್ಜುವ ಬ್ರಶ್ಶಿನಿಂದ ಎಂಜಿನ್ನಿನ ರೆಕ್ಕೆಗಳ ಸಂದಿಯ ನುಣ್ಣನೆ ಮಣ್ಣು ತೆಗೆದರು. ಟ್ಯಾಂಕಿನ ಪೆಟ್ರೋಲ್ ಸುರಿದು ಹೊಸದು ಹಾಕಿದರು. ಕಾರ್ಬ್ಯುರೇಟರಿನ ನೀರು ತೆಗೆದರು, ಪ್ಲಗ್ ಒಣಗಿಸಿದರು. ಮನೆಯ ಗೋಡೆ, ಹಾಸಿಗೆ, ಮಗಳ ಪುಸ್ತಕ ಎಲ್ಲವೂ ಕೆಸರು ಹಿಡಿದು ಕೂತಿದ್ದಾಗ ಬಾಗಿಲ ಮುಂದೆ ಗಾಡಿಯೊಂದು ಫಳಫಳ ಹೊಳೆಯುತ್ತಿತ್ತು. ಕಿಕ್ ಹೊಡೆದರು. ಹತ್ತನೆಯದೋ ಹನ್ನೆರಡನೆಯದೋ ಕಿಕ್ಕಿಗೆ ಶುರುವಾಯಿತು. ಹಾಲು, ಮೇಣದಬತ್ತಿ ತರಲು ಹೋದವರು ಕತ್ತಲಾದ ಮೇಲೆ ಗಾಡಿ ತಳ್ಳಿಕೊಂಡು ಬಂದರು. ಎಂಜಿನ್ ಹಿಡಿದುಕೊಂಡಿತ್ತು.

ಅವರು ನೋಡದೆ ಬಿಟ್ಟದ್ದು ಎಂಜಿನ್ ಆಯಿಲ್ ಒಂದನ್ನೇ. ದಿನಗಟ್ಟಲೆ ಮುಳುಗಿದ ಎಂಜಿನ್ನಿನೊಳಗೆ ನೀರೂ ತಾಪಿಯ ನುಣ್ಣನೆ ಮಣ್ಣೂ ಇಳಿದು ಎಣ್ಣೆಯೊಂದಿಗೆ ಬೆರೆತಿತ್ತು. ಜಾರಿಸಬೇಕಾದ ಎಣ್ಣೆಯೇ ಅರೆಯುವ ಹಿಟ್ಟಾಗಿತ್ತು. ಮೆಕ್ಯಾನಿಕ್ ಅಡಿಯ ಬೋಲ್ಟ್ ಬಿಚ್ಚಿದಾಗ ಬಂದದ್ದು ಹಾಲು ಹೆಚ್ಚಾದ ಚಹಾದ ಬಣ್ಣದ ದ್ರವ. ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿ, ಬೇರಿಂಗ್ ಬದಲಿಸಬೇಕಾಯಿತು. ಮನೆಯ ಸಾಮಾನೆಲ್ಲ ಹೊಸದಾಗಿ ಕೊಳ್ಳಬೇಕಿದ್ದ ತಿಂಗಳಲ್ಲಿ ಆ ಖರ್ಚು. ಹೊರಗೆ ಅಷ್ಟು ಹೊಳೆಯದೆ ಇದ್ದಿದ್ದರೆ ಒಳಗೇನಾಗಿದೆ ಎಂಬ ಅನುಮಾನವಾದರೂ ಬರುತ್ತಿತ್ತು ಎಂದು ಅವರು ಈಗಲೂ ಹೇಳುತ್ತಾರೆ.

ವಿಶ್ವಾಮಿತ್ರಿಯ ಅಪಾಯದ ಮಟ್ಟ 26 ಅಡಿ. 2024ರ ಆಗಸ್ಟಿನಲ್ಲಿ ಅದು 35 ಅಡಿ ದಾಟಿತು. ಈ ನದಿಯಲ್ಲಿ ಮೊಸಳೆಗಳಿವೆ, ಊರ ನಡುವೆಯೇ. ನೆರೆಯ ಜೊತೆ ಅವೂ ಬಡಾವಣೆಗಳಿಗೆ ಬಂದವು. ಇಬ್ಬರು ಯುವಕರು ಮೊಸಳೆಯೊಂದನ್ನು ಸ್ಕೂಟರಿನ ಮೇಲೆ ಅಡ್ಡ ಮಲಗಿಸಿಕೊಂಡು ಅರಣ್ಯ ಇಲಾಖೆಗೆ ಒಯ್ದ ವಿಡಿಯೊ ದೇಶವೆಲ್ಲ ಹರಿದಾಡಿತು. ಹಾಗಾಗಿ ಅವತ್ತು ಪಾರ್ಕಿಂಗಿನಲ್ಲಿ ಅಪ್ಪ ಮಗಳು ಮೊದಲು ಮಾಡಿದ್ದು ಉದ್ದ ಕೋಲಿನಿಂದ ಗಾಡಿಗಳ ಅಡಿ, ಮೂಲೆ ಎಲ್ಲ ಕೆದಕಿ ನೋಡಿದ್ದು. ಸಿಕ್ಕಿದ್ದು ಯಾರದೋ ಚಪ್ಪಲಿ.

ಎರಡನೆಯದಾಗಿ ಫೋಟೊ. ಮಗಳ ಬೈಕು ಹೊಸದು, ವಿಮೆ ಇತ್ತು. ನೀರು ಎಲ್ಲಿಯವರೆಗೆ ಬಂದಿತ್ತೆಂಬ ಗೆರೆ ಗಾಡಿಯ ಮೇಲೂ ಗೋಡೆಯ ಮೇಲೂ ಇತ್ತು. ತೊಳೆದರೆ ಆ ಸಾಕ್ಷಿಯೂ ತೊಳೆದುಹೋಗುತ್ತದೆ. ನಾಲ್ಕೂ ಕಡೆಯಿಂದ ತೆಗೆದು, ಕಂಪನಿಗೆ ತಿಳಿಸಿ, ಬ್ಯಾಟರಿಯ ತಂತಿ ಬಿಡಿಸಿ, ಉಳಿದ ಬಿಚ್ಚುವ ಕೆಲಸವನ್ನು ಸರ್ವೇಯರ್ ಬರುವವರೆಗೆ ಮುಟ್ಟಲಿಲ್ಲ. ಸೆಲ್ಫ್ ಒತ್ತಿದ್ದರೆ ಏನಾಗುತ್ತಿತ್ತು? ಸಿಲಿಂಡರಿನಲ್ಲಿ ನೀರಿದ್ದರೆ ಗಾಳಿಯಂತೆ ಅದನ್ನು ಒತ್ತಿ ಕುಗ್ಗಿಸಲಾಗದು. ಪಿಸ್ಟನ್ ಮೇಲೆ ಬರಲು ಜಾಗವಿಲ್ಲದೆ ಕನೆಕ್ಟಿಂಗ್ ರಾಡ್ ಬಾಗಬಹುದು. ಮುಳುಗಿದ ಗಾಡಿಯನ್ನು ಚಾಲೂ ಮಾಡಲು ಹೋಗಿ ಎಂಜಿನ್ ಕೆಟ್ಟರೆ, ಅದಕ್ಕೆಂದೇ ಪ್ರತ್ಯೇಕ ರಕ್ಷಣೆ ಕೊಳ್ಳದಿದ್ದಲ್ಲಿ, ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರ ಸಿಗುವುದು ಕಷ್ಟ.

ಸ್ಪ್ಲೆಂಡರಿಗೆ ಇದ್ದದ್ದು ಥರ್ಡ್ ಪಾರ್ಟಿ ಮಾತ್ರ. ಅದನ್ನು ಅವರೇ ಬಿಚ್ಚಿದರು. ಕರೆಂಟಿಲ್ಲ, ಪಂಪಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಮಾಳಿಗೆಯ ಮೇಲೆ ಡ್ರಮ್ಮಿಟ್ಟು ಹಿಡಿದ ಮಳೆ ನೀರಿತ್ತು. ಖಾಡಿಯಾದಲ್ಲಿ ಕೇಳಲಾಗದ ನೀರು ಇಪ್ಪತ್ತು ವರ್ಷದ ಮೇಲೆ ಹೀಗೆ ಸಿಕ್ಕಿತು. ಕೆಸರು ಒಣಗುವ ಮೊದಲು, ಉಜ್ಜದೆ, ಚೆಂಬಿನಿಂದ ಮೇಲಿಂದ ಸುರಿದು ಇಳಿಸಿದರು. ಈ ಸಲ ಹೊಳಪಿನ ಗೋಜಿಗೆ ಹೋಗಲಿಲ್ಲ. ಎಣ್ಣೆ ಇಳಿಸಿದರು, ಅದೇ ಚಹಾ ಬಣ್ಣ. ಏರ್ ಫಿಲ್ಟರ್ ಎಸೆದರು. ಪ್ಲಗ್ ಬಿಚ್ಚಿಟ್ಟು ಕೈಯಿಂದಲೇ ನಿಧಾನವಾಗಿ ಕಿಕ್ ಒತ್ತಿದಾಗ ಪ್ಲಗ್ಗಿನ ತೂತಿನಿಂದ ನೀರು ಚಿಮ್ಮಿ ಮಗಳ ಕನ್ನಡಕದ ಮೇಲೆ ಬಿತ್ತು. ಅಗ್ಗದ ಎಣ್ಣೆ ಹಾಕಿ, ಪೆಟ್ರೋಲೂ ಕಾರ್ಬ್ಯುರೇಟರೂ ಶುದ್ಧವಾದ ಮೇಲೆ ಎರಡೇ ನಿಮಿಷ ಓಡಿಸಿ, ಅದನ್ನೂ ಇಳಿಸಿದರು. ಮತ್ತೊಮ್ಮೆ ಹಾಕಿ ಇಳಿಸಿದರು. ಮೂರನೆಯ ಸಲ ಒಳ್ಳೆಯ ಎಣ್ಣೆ. ಬ್ರೇಕ್ ಡ್ರಮ್ ತೆರೆದು ಮಣ್ಣು ತೆಗೆದರು, ಚೈನಿನ ಕವಚ ಬಿಚ್ಚಿ ಸೀಮೆಎಣ್ಣೆಯಲ್ಲಿ ಬ್ರಶ್ ಹಾಕಿ, ಒಣಗಿಸಿ, ಗೇರ್ ಆಯಿಲ್ ಬಿಟ್ಟರು.

ಅಕ್ಟೋಬರ್ 11 ಆಯುಧ ಪೂಜೆ. ಗುಜರಾತಿಗಳು ಗಾಡಿ ತೊಳೆದು ಗೊಂಡೆ ಹೂವಿನ ಹಾರ ಹಾಕುವುದು ಮರುದಿನ, ದಸರೆಗೆ. ನವಮಿಯ ರಾತ್ರಿ ಅವರಿಗೆ ಗರ್ಬಾ ಮುಗಿಯುವುದೇ ತಡವಾಗಿ. ಹಾಗಾಗಿ ಪ್ರತಿವರ್ಷ ಆ ಪಾರ್ಕಿಂಗಿನಲ್ಲಿ ಒಂದು ದಿನ ಮೊದಲೇ ನೀರು ಚೆಲ್ಲುವುದು ಈ ಒಂದು ಮನೆಯವರು ಮಾತ್ರ. ಈ ಸಲ ಅಪ್ಪ ಸ್ಟೂಲಿನ ಮೇಲೆ ಕೂತಿದ್ದರು, ತೊಳೆದದ್ದು ಮಗಳು. ಬಲಗೈಯಲ್ಲಿ ಬಟ್ಟೆ, ಹಿಂದೆ ಎಡಗೈ. ಹಿಂದಿನ ಚಕ್ರದ ಹತ್ತಿರ ಕೈ ನಿಂತಿತು.

"ಅಪ್ಪಾಜಿ, ಇಲ್ಲಿ ಎರಡು ಕಡ್ಡಿ ಸಡಿಲ ಆಗಿದಾವೆ."

ಅವರು ಎದ್ದು ಬಂದು ಬಗ್ಗಿ ಕಡ್ಡಿಗಳನ್ನು ಒಂದೊಂದಾಗಿ ಉಗುರಿನಿಂದ ಮೀಟಿದರು. ಎರಡಲ್ಲ, ಮೂರು. ನಿಂಬೆಹಣ್ಣು, ಕುಂಕುಮದ ತಟ್ಟೆಯನ್ನು ಸೀಟಿನ ಮೇಲಿಟ್ಟು, ಪೂಜೆಗೆ ಮುಂಚೆ ಚಕ್ರ ಬಿಗಿ ಮಾಡಿಸಿಕೊಂಡು ಬರಲು ಅವಳೇ ಗಾಡಿ ತೆಗೆದಳು. ಡ್ರಮ್ಮಿನೊಳಗಿನ ನೀರು ಆರಲೆಂದು ಗೇಟಿನವರೆಗೆ ಬ್ರೇಕನ್ನು ಅರ್ಧ ಒತ್ತಿಕೊಂಡೇ ನಿಧಾನವಾಗಿ ಹೋದಳು.