ದಾರಿಹೋಕನ ಧರ್ಮ

ಕುಂದಾಪುರದ ತೆಂಕಣಕ್ಕಿರುವ ಬೀಜಾಡಿಗೆ ಪಡುವಣದಲ್ಲಿ ಕಡಲು. ಮೂಡಣದಲ್ಲಿ ರಾಷ್ಟ್ರೀಯ ಹೆದ್ದಾರಿ 66. ಹೆದ್ದಾರಿಯಲ್ಲಿ ಗಂಟೆಗೆ 72 ಕಿಲೋಮೀಟರು ವೇಗದಿಂದ ಸಾಗುವ ಕಾರು ಒಂದು ಸೆಕೆಂಡಿನಲ್ಲಿ 20 ಮೀಟರು ಮುನ್ನುಗ್ಗುತ್ತದೆ. ಅಪಾಯವನ್ನು ಕಂಡ ಚಾಲಕನ ಕಾಲು ಬ್ರೇಕನ್ನು ಮುಟ್ಟುವಷ್ಟರಲ್ಲಿಯೇ ಅಷ್ಟು ದೂರ ಕಳೆದಿರುತ್ತದೆ. ಮಳೆಗಾಲದಲ್ಲಂತೂ ನೆನೆದ ರಸ್ತೆಯ ಮೇಲೆ ಚಕ್ರಗಳ ಹಿಡಿತವೂ ಸಡಿಲ. ವೇಗವನ್ನು ತಗ್ಗಿಸುವುದು ಅಂಜುಬುರುಕತನವಲ್ಲ. ಅದು ಪರರ ಪ್ರಾಣಕ್ಕೆ ಸಲ್ಲಿಸುವ ಗೌರವ.

ಎಚ್ಚರವನ್ನು ಮೀರಿಯೂ ಅಪಘಾತ ಸಂಭವಿಸಿದರೆ? ಕಡಲಿನಲ್ಲಿ ದೋಣಿ ಮಗುಚಿದಾಗ ಸಮೀಪದ ದೋಣಿಯವರೇ ಮೊದಲ ಆಸರೆ. ರಸ್ತೆಯಲ್ಲಿ ಆ ಹೊಣೆ ದಾರಿಹೋಕನದು. ಆದರೆ ಪೊಲೀಸು, ಕೋರ್ಟು, ಸಾಕ್ಷಿ ಎಂಬ ಭೀತಿ ಬಹುಕಾಲ ಅನೇಕರ ಕೈಗಳನ್ನು ಕಟ್ಟಿಹಾಕಿತ್ತು. 2016ರ ಸುಪ್ರೀಂ ಕೋರ್ಟಿನ ಆದೇಶವೂ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯೂ ಉಪಕಾರಿಗೆ ರಕ್ಷಣೆ ನೀಡಿವೆ. ಹೆಸರು ಹೇಳೆಂದು ಅವನನ್ನು ಯಾರೂ ಬಲವಂತಪಡಿಸುವಂತಿಲ್ಲ.

108ಕ್ಕೆ ಕರೆ ಮಾಡುವುದು, ಹಿಂದಿನಿಂದ ಬರುವ ವಾಹನಗಳನ್ನು ಎಚ್ಚರಿಸುವುದು, ರಕ್ತ ಸುರಿಯುವ ಗಾಯವನ್ನು ಶುಭ್ರವಾದ ಬಟ್ಟೆಯಿಂದ ಒತ್ತಿಹಿಡಿಯುವುದು, ಗಾಯಾಳುವನ್ನು ಅನಗತ್ಯವಾಗಿ ಎಳೆದಾಡದಿರುವುದು, ಪ್ರಜ್ಞೆಯಿಲ್ಲದವನಿಗೆ ನೀರು ಕುಡಿಸದಿರುವುದು — ಇಷ್ಟನ್ನು ಅರಿತ ಬಾಲಕನೂ ಒಂದು ಜೀವವನ್ನು ಉಳಿಸಬಲ್ಲನು. ಗುಂಪಿನಲ್ಲಿ ನಿಂತು ನೋಡುವವರು ನೂರು ಮಂದಿ. ಬಾಗಿ ಕೈಚಾಚುವವನು ಒಬ್ಬನಾದರೂ ಸಾಕು.