ಸಂವಿಧಾನದ ಪಾಠದಲ್ಲಿ ಹಾಸ್ಯ

ಚಾಮರಾಜನಗರ ಮತ್ತು ಗುಂಡ್ಲುಪೇಟೆಯ ನಮ್ಮ ಮಕ್ಕಳಿಗೆ ಧರ್ಮಪಾಠದ ಜೊತೆಗೆ ಭಾರತ ಸಂವಿಧಾನದ ರಚನೆಯ ಕಥೆಯನ್ನೂ ನಗಿಸುತ್ತ ಹೇಳುವುದು ನನ್ನ ರೂಢಿ. ಟ್ರಸ್ಟಿನ ಹಿರಿಯರೊಬ್ಬರು ಇದನ್ನು ಆಕ್ಷೇಪಿಸಿದರು. ಹಾಸ್ಯವು ಒಂಬತ್ತು ನೋಕಷಾಯಗಳಲ್ಲಿ ಒಂದು. ಅದನ್ನು ಬಸದಿಯ ಅಂಗಳದಲ್ಲಿ ಬಿತ್ತುವುದು ಉಚಿತವೇ ಎಂದರು.

ಆಕ್ಷೇಪವು ಹಗುರವಾದುದಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯವ್ರತದ ಐದು ಭಾವನೆಗಳಲ್ಲಿ ಹಾಸ್ಯತ್ಯಾಗವನ್ನೂ ಎಣಿಸಿದೆ. ನಗೆಮಾತಿನ ಮರೆಯಲ್ಲಿ ಸುಳ್ಳು ಎಷ್ಟು ಸುಲಭವಾಗಿ ನುಸುಳುತ್ತದೆಂಬುದನ್ನು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನಿಗೆ ಬೇರೆ ಹೇಳಬೇಕಿಲ್ಲ. ಆದರೆ ಅದೇ ಅಧ್ಯಾಯವು ಶ್ರಾವಕನ ಅನರ್ಥದಂಡವ್ರತದ ಅತಿಚಾರಗಳಲ್ಲಿ ಕಂದರ್ಪ, ಕೌತ್ಕುಚ್ಯಗಳನ್ನು ಹೆಸರಿಸುತ್ತದೆ. ನಮ್ಮ ಮಲೆಯೂರಿನ ಕನಕಗಿರಿಯಲ್ಲಿ ತಪಸ್ಸು ಮಾಡಿದರೆಂಬ ಪ್ರತೀತಿಯುಳ್ಳ ಪೂಜ್ಯಪಾದಾಚಾರ್ಯರು, ಅಶಿಷ್ಟ ಮಾತು ಬೆರೆತ ನಗೆಯನ್ನು ಕಂದರ್ಪವೆಂದೂ, ಅದಕ್ಕೆ ಅಂಗಚೇಷ್ಟೆ ಸೇರಿ ಇನ್ನೊಬ್ಬರ ಕಡೆಗೆ ತಿರುಗಿದಾಗ ಕೌತ್ಕುಚ್ಯವೆಂದೂ ವಿವರಿಸಿದ್ದಾರೆ. ಮುನಿಗಳ ಮಾತು ಬೇರೆ. ಗೃಹಸ್ಥರ ಮಕ್ಕಳು ಈ ಎರಡನ್ನು ಗುರುತಿಸಿ ದೂರವಿಡಲು ಕಲಿತರೆ ಸಾಕೆಂದು ನನ್ನ ಮತ.

ಶಂಕರ್ ಅವರ 1949ರ ವ್ಯಂಗ್ಯಚಿತ್ರವೊಂದನ್ನು ಎನ್.ಸಿ.ಇ.ಆರ್.ಟಿ. ಸಂಸ್ಥೆಯು ಹನ್ನೊಂದನೆಯ ತರಗತಿಯ ಪಠ್ಯದಲ್ಲಿ 2006ರಲ್ಲಿ ಮುದ್ರಿಸಿತು. ಸಂವಿಧಾನವೆಂಬ ಬಸವನಹುಳುವಿನ ಮೇಲೆ ಅಂಬೇಡ್ಕರರು, ಹಿಂದೆ ಚಾಟಿ ಎತ್ತಿದ ನೆಹರೂ. 2012ರ ಮೇ ತಿಂಗಳಲ್ಲಿ ಸಂಸತ್ತಿನಲ್ಲಿ ಪ್ರತಿಭಟನೆಯಾಗಿ, ಅದನ್ನು ಕೈಬಿಡಲು ಸರ್ಕಾರ ಒಪ್ಪಿತು. ಪಠ್ಯವು ವಿಳಂಬದ ಕಾರಣಗಳನ್ನು ನ್ಯಾಯವಾಗಿಯೇ ತಿಳಿಸಿತ್ತು. ಆದರೂ ತಲೆಮಾರುಗಳಿಂದ ಚಾಟಿಯ ಏಟು ತಿಂದವರು ಅಲ್ಲಿ ಬೇರೊಂದನ್ನು ಕಂಡರು. ಅವರ ನೋವನ್ನು ಅಲ್ಲಗಳೆಯಲು ನಾನು ಯಾರು? ಆ ಚಿತ್ರವನ್ನು ನಾನು ತೋರಿಸುವುದಿಲ್ಲ.

ಅದರ ಬದಲು ಸಭೆಯವರೇ ನಕ್ಕ ಸಂಗತಿಗಳನ್ನು ಹೇಳುತ್ತೇನೆ. ನಮ್ಮ ಮೈಸೂರಿನ ಪ್ರತಿನಿಧಿ ಕೆ. ಹನುಮಂತಯ್ಯನವರು, ವೀಣೆಯ ನಾದ ಬಯಸಿದ್ದ ನಮಗೆ ಇಂಗ್ಲಿಷ್ ಬ್ಯಾಂಡಿನ ಸದ್ದು ದೊರಕಿತೆಂದು ಕುಟುಕಿದರು. ನಜೀರುದ್ದೀನ್ ಅಹಮದ್ ಅವರು ಡ್ರಾಫ್ಟಿಂಗ್ ಕಮಿಟಿಯನ್ನು ‘ಡ್ರಿಫ್ಟಿಂಗ್ ಕಮಿಟಿ’, ಎಂದರೆ ಗುರಿಯಿಲ್ಲದೆ ತೇಲುವ ಸಮಿತಿ, ಎಂದು ಕರೆದರು. 1949ರ ನವೆಂಬರ್ 25ರಂದು ಅಂಬೇಡ್ಕರರು ಕೆರಳದೆ ಉತ್ತರಿಸಿ, ಹಿಡಿತವಿಟ್ಟುಕೊಂಡು ತೇಲುವುದೇ ಬೇರೆ ಎಂದರು. (ಆ ಉತ್ತರದಲ್ಲಿ ಮೀನು ಹಿಡಿಯುವ ಉಪಮೆಯೂ ಇದೆ. ಪಾಠಶಾಲೆಯಲ್ಲಿ ಅದನ್ನು ಬಿಟ್ಟು ಹೇಳುತ್ತೇನೆ!) ಸುಮಾರು 7,635 ತಿದ್ದುಪಡಿಗಳ ಸೂಚನೆ ಬಂದು, 2,473 ಮಂಡನೆಯಾದವು. ಸಭೆಯಲ್ಲಿ ಮತ್ತೆ ಮತ್ತೆ ತಕರಾರೆತ್ತಿದ ಮಂಗಳೂರು ಮೂಲದ ಎಚ್.ವಿ. ಕಾಮತ್ ಮೊದಲಾದವರಿಲ್ಲದಿದ್ದರೆ ಚರ್ಚೆ ಸಪ್ಪೆಯಾಗುತ್ತಿತ್ತೆಂದು ಅಂಬೇಡ್ಕರರು ಅದೇ ದಿನ ಅವರಿಗೆ ಕೃತಜ್ಞತೆ ಹೇಳಿದರು. ತನ್ನನ್ನು ತಡೆದವರಿಗೆ ವಂದಿಸುವ ಈ ಗುಣ ನಮ್ಮ ಟ್ರಸ್ಟುಗಳ ವಾರ್ಷಿಕ ಸಭೆಗಳಲ್ಲಿ ಅಪರೂಪ.

ಬಳಿಕ ಮಕ್ಕಳು ಪಾಠಶಾಲೆಗೂ ಒಂದು ಸಂವಿಧಾನ ಬರೆಯತೊಡಗಿದರು. ಒಬ್ಬ ಹುಡುಗ ತೊದಲುವ ಗೆಳೆಯನನ್ನು ಅಣಕಿಸಿ ಮಾತನಾಡಿದಾಗ ಸಭೆ ನಿಲ್ಲಿಸಿ ಕೌತ್ಕುಚ್ಯದ ಅರ್ಥ ಹೇಳಿದೆ. ಯಾರೂ ನಗಲಿಲ್ಲ. ತೊದಲುವ ಹುಡುಗನೇ ಎದ್ದು, ಸೂರ್ಯಾಸ್ತದ ನಂತರ ಊಟವಿಲ್ಲವೆಂಬ ಕಲಮಿಗೆ ತಿದ್ದುಪಡಿ ತಂದ: ಮೋಡ ಕವಿದ ದಿನ ಸೂರ್ಯಾಸ್ತವನ್ನು ತೀರ್ಮಾನಿಸುವವರು ಯಾರು? ಗಡಿಯಾರವೆಂದು ಒಬ್ಬಳು ಹೇಳಿದಳು. ಗಡಿಯಾರ ನಿಂತಿದ್ದರೆ ಎಂದು ಇವನು. ಎಲ್ಲರೂ ನಕ್ಕರು, ಅವನೂ ನಕ್ಕ. ಆ ಕಲಮಿನ ಚರ್ಚೆ ಮುಂದಿನ ಭಾನುವಾರಕ್ಕೆ ಉಳಿದಿದೆ.