ಬೋರ್ಡಿನ ಬಾಯಾರು

ಧಾರವಾಡದ ನಮ್ಮ ಹಳೆಯ ಕಚೇರಿಯಲ್ಲಿ ಜಿನೆಯ ಕೆಳಗೆ ಒಂದು ಕೋಣೆ ಇತ್ತು. ಒಂದು ಕಿಟಕಿ, ಒಂದು ಕುರ್ಚಿ, ಗೋಡೆಗೆ ತೂಗುಹಾಕಿದ ಕಬ್ಬಿಣದ ಪೆಟ್ಟಿಗೆ, ಅದರಿಂದ ಹೊರಟ ನೂರಾರು ಬಣ್ಣದ ತಂತಿಗಳು. ಕಚೇರಿಯ ಫೋನುಗಳನ್ನೆಲ್ಲ ಕೂಡಿಸುವ ಆ ಪೆಟ್ಟಿಗೆಯ ಹೆಸರು ಇಪಿಎಬಿಎಕ್ಸ್. ನಾವ್ಯಾರೂ ಹಾಗೆ ಕರೆಯಲಿಲ್ಲ. ಕಾರ್ಡು ಚುಚ್ಚಿ ಕರೆ ಕೂಡಿಸುತ್ತಿದ್ದ ಕಾಲದ ಕಟ್ಟಿಗೆಯ ಬೋರ್ಡು ಹೋಗಿ ಎಷ್ಟೋ ವರ್ಷವಾಗಿದ್ದರೂ ಅದು ಬೋರ್ಡೇ, ಅದರ ಮುಂದೆ ಕೂತ ಆಪರೇಟರ್ ಬೋರ್ಡಿನ ಬಾಯಾರೇ.

ಬಾಯಾರು ಬೆಳಿಗ್ಗೆ ಬಂದವರೇ ಎಂಟೂ ಹೊರಲೈನುಗಳನ್ನು ಒಂದೊಂದಾಗಿ ಎತ್ತಿ ಡಯಲ್ ಟೋನ್ ಬರುತ್ತಿದೆಯೇ ಎಂದು ಕೇಳುತ್ತಿದ್ದರು. ಮಳೆಗಾಲದಲ್ಲಿ ಎರಡಾದರೂ ಡೆಡ್ ಆಗಿರುತ್ತಿದ್ದವು. ಕೂಡಲೇ ಕಂಪ್ಲೇಂಟ್ ಬರೆಸಿ, ನಂಬರನ್ನು ರಜಿಸ್ಟರಿನಲ್ಲಿ ಗುರುತುಮಾಡಿ, ಸಂಜೆಯೊಳಗೆ ಲೈನ್‌ಮನ್ ಬರದಿದ್ದರೆ ಮತ್ತೆ ನೆನಪಿಸುವರು. ಮನೆಗೆ ಹೊರಡುವ ಮುನ್ನ ನೈಟ್ ಸರ್ವಿಸ್ ಹಾಕಿ, ರಾತ್ರಿ ಬಂದ ಕರೆ ಕಾವಲುಗಾರನ ಫೋನಿಗೆ ಹೋಗುವಂತೆ ಮಾಡುವರು. ಇಷ್ಟು ವರ್ಷಗಳಲ್ಲಿ ಒಂದು ಸಂಜೆಯೂ ಅದನ್ನು ಅವರು ಮರೆತದ್ದು ನನಗೆ ಗೊತ್ತಿಲ್ಲ.

ನೂರರ ಆಸುಪಾಸು ಜನರಿಗೆ ನೂರು ಹೊರಲೈನು ಕೊಡಿಸಲು ಯಾವ ಕಚೇರಿಗೂ ಆಗುವುದಿಲ್ಲ, ಅದರ ಅಗತ್ಯವೂ ಇರುವುದಿಲ್ಲ; ಎಲ್ಲರೂ ಒಂದೇ ಗಳಿಗೆಯಲ್ಲಿ ಹೊರಗೆ ಮಾತಾಡುವುದಿಲ್ಲವಲ್ಲ. ಆದ್ದರಿಂದ ಕಚೇರಿಯೊಳಗೇ ಒಂದು ಪುಟ್ಟ ಎಕ್ಸ್‌ಚೇಂಜು. ಒಳಗೊಳಗೆ ಮಾತಾಡಲು ಮೂರಂಕಿಯ ಎಕ್ಸ್‌ಟೆನ್ಶನ್, ಬಿಲ್ಲಿಲ್ಲ. ಸೊನ್ನೆ ಒತ್ತಿದರೆ ಹೊರಲೈನು, ಅದೂ ಅನುಮತಿ ಇದ್ದವರಿಗೆ ಮಾತ್ರ. ಹೊರಗಿನವರು ಬೋರ್ಡಿನ ಒಂದೇ ನಂಬರಿಗೆ ಮಾಡಿದರೆ ಸಾಕು, ಅದು ಎಂಗೇಜ್ ಇದ್ದರೆ ಕರೆ ತಾನಾಗಿ ಮುಂದಿನ ಖಾಲಿ ಲೈನು ಹಿಡಿಯುತ್ತಿತ್ತು, ಹಂಟಿಂಗ್ ಅನ್ನುತ್ತಿದ್ದರು. ಮತ್ತು ಒಳಗಿನ ಯಾರೇ ಆಗಲಿ 9 ಒತ್ತಿದರೆ, ಬಾಯಾರು.

ಪೆಟ್ಟಿಗೆಗೆ ಗೊತ್ತಿದ್ದದ್ದು ನಂಬರು ಮಾತ್ರ. ಯಾರು ಯಾವ ಟೇಬಲ್ಲಿನಲ್ಲಿದ್ದಾರೆ, ಯಾರು ಚಹಾಕ್ಕೆ ಹೋದರು, ಯಾರ ಮಗಳಿಗೆ ಜ್ವರ, ಯಾವ ಸಾಹೇಬರಿಗೆ ಯಾವ ಹೊತ್ತಿನಲ್ಲಿ ಕರೆ ಕೊಡಬಾರದು ಎಂಬುದೆಲ್ಲ ಬಾಯಾರಿಗೆ ಗೊತ್ತಿತ್ತು. ನವಲಗುಂದ, ಕಲಘಟಗಿ ಕಡೆಯ ರೈತರು ಸಾಲದ ಕಾಗದದ ಸಲುವಾಗಿ ಎಸ್‌ಟಿಡಿ ಬೂತಿನಿಂದ ಮಾಡುತ್ತಿದ್ದರು. ಅವರಿಗೆ ಶಾಖೆಯ ಹೆಸರು ತಿಳಿಯದು, ಗುಮಾಸ್ತರ ಹೆಸರೂ ತಿಳಿಯದು. ಬೂತಿನ ಮೀಟರು ಮಾತ್ರ ಓಡುತ್ತಿರುತ್ತಿತ್ತು.

“ಯಾರ್ ಬೇಕಾಗಿತ್ರಿ ಯಪ್ಪಾ?”

“ಬೆಳೆಸಾಲದ್ದು ಬರಕೊಳ್ಳೋ ಸಾಹೇಬ್ರು ಬೇಕ್ರಿ. ಹೆಸರು ಗೊತ್ತಿಲ್ರಿ. ದಪ್ಪ ಕನ್ನಡಕ ಹಾಕ್ಕೊಂತಾರ್ರಿ.”

“ಗೊತ್ತಾತು ಬಿಡ್ರಿ. ಅವರು ಇವತ್ತ ರಜಾ ಅದಾರ. ಅವರ ಟೇಬಲ್ ನೋಡಾವ್ರಿಗೆ ಕೂಡಿಸಿ ಕೊಡ್ತೀನಿ. ಇಡಬ್ಯಾಡ್ರಿ ಮತ್ತ.”

ಈ ಕೆಲಸವನ್ನು ಅರ್ಧ ನಿಮಿಷದಲ್ಲಿ ಮುಗಿಸುತ್ತಿದ್ದರು. ರೈತನ ದುಡ್ಡು ಉಳಿಯುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ಮರ್ಯಾದೆ ಉಳಿಯುತ್ತಿತ್ತು.

ನಮ್ಮ ಸೀಮೆಗೆ ಫೋನಿನ ಚರಿತ್ರೆಯಲ್ಲಿ ಒಂದು ಜಾಗವಿದೆ, ಅದನ್ನು ಇಲ್ಲಿ ಹೇಳದಿರಲಾರೆ. 1984ರಲ್ಲಿ ಶುರುವಾದ ಸಿ-ಡಾಟ್ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ ನಮ್ಮ ಹಳ್ಳಿಗಳ ಧೂಳು, ಸೆಖೆ ತಾಳುವಂಥ ಪುಟ್ಟ ಡಿಜಿಟಲ್ ಎಕ್ಸ್‌ಚೇಂಜನ್ನು ನಮ್ಮ ದೇಶದಲ್ಲೇ ರೂಪಿಸಿತು. ಎಸಿ ಬೇಡ, ದೊಡ್ಡ ಕಟ್ಟಡ ಬೇಡ. ಅಂಥ ಮೊದಲ ಎಕ್ಸ್‌ಚೇಂಜು 1986ರಲ್ಲಿ ಕೆಲಸ ಶುರುಮಾಡಿದ್ದು ಕಿತ್ತೂರಿನಲ್ಲಿ, ಧಾರವಾಡದಿಂದ ಬೆಳಗಾವಿಗೆ ಹೋಗುವ ದಾರಿಯ ಚೆನ್ನಮ್ಮನ ಕಿತ್ತೂರಿನಲ್ಲಿ. ಬಾಯಾರಿಗೆ ಇದರ ಬಗ್ಗೆ ಬಹಳ ಅಭಿಮಾನ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಎಕ್ಸ್‌ಟೆನ್ಶನ್ ಪಟ್ಟಿ ಕೊಡುವಾಗ ಈ ಸಂಗತಿಯನ್ನೂ ಸೇರಿಸಿ ಹೇಳುತ್ತಿದ್ದರು.

ಆಮೇಲೆ ಇಂಟರ್ನೆಟ್ ಫೋನು ಬಂತು. ನಮ್ಮ ದೇಶದಲ್ಲಿ ಅದಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 2002ರ ಏಪ್ರಿಲ್‌ನಲ್ಲಿ. ನಮ್ಮಂಥ ಕಚೇರಿಯ ಬಾಗಿಲಿಗೆ ಬರಲು ಇನ್ನೂ ಹಲವು ವರ್ಷ ಹಿಡಿಯಿತು. ಕೂಡಿಸಲು ಬಂದ ಹುಡುಗ ತಾಳ್ಮೆಯವನು, ನಾನು ಕೇಳಿದ್ದಕ್ಕೆಲ್ಲ ಬಿಡಿಸಿ ಹೇಳಿದ. ಮಾತನ್ನು ಸೆಕೆಂಡಿಗೆ 8000 ಸಲ ಅಳೆದು ಅಂಕಿ ಮಾಡುತ್ತಾರೆ. ಆ ಅಂಕಿಗಳನ್ನು ಸಾಮಾನ್ಯವಾಗಿ ಸೆಕೆಂಡಿಗೆ 50 ಪ್ಯಾಕೆಟ್ಟುಗಳಂತೆ ಕಟ್ಟಿ ಕಂಪ್ಯೂಟರಿನ ಕೇಬಲ್ಲಿನಲ್ಲೇ ಕಳಿಸುತ್ತಾರೆ. ಯಾರು ಯಾರನ್ನು ಕರೆದರು, ಎತ್ತಿದರೋ ಇಲ್ಲವೋ ಎಂಬ ವ್ಯವಹಾರ ನೋಡುವುದು ಸಿಪ್ ಎಂಬ ನಿಯಮಾವಳಿ. ಪ್ಯಾಕೆಟ್ಟುಗಳು ಸಂತೆಗೆ ಹೊರಟ ಗಾಡಿಗಳ ಹಾಗೆ: ಕೆಲವು ಬೇಗ, ಕೆಲವು ತಡ, ಒಂದೆರಡು ದಾರಿಯಲ್ಲೇ ಕಾಣೆ. ಬೇಗ ತಡಗಳ ಈ ಏರುಪೇರಿಗೆ ಜಿಟರ್ ಅನ್ನುತ್ತಾರೆ. ಬಂದವನ್ನು ತುಸು ಹೊತ್ತು ತಡೆದಿಟ್ಟುಕೊಂಡು ಸಾಲಾಗಿ ಬಿಡುವ ಏರ್ಪಾಡು ಫೋನಿನೊಳಗೇ ಇದೆ. ಬಾಯಿಂದ ಹೊರಟ ಮಾತು ಆ ಕಡೆಯ ಕಿವಿ ಮುಟ್ಟಲು 150 ಮಿಲಿಸೆಕೆಂಡಿಗಿಂತ ಬಹಳ ತಡವಾದರೆ ಇಬ್ಬರೂ ಒಮ್ಮೆಗೇ ಮಾತಾಡತೊಡಗುತ್ತಾರೆ, ಇಬ್ಬರೂ ಒಮ್ಮೆಗೇ ಸುಮ್ಮನಾಗುತ್ತಾರೆ.

ಅವನು ಹೇಳಿದ್ದರಲ್ಲಿ ಒಂದು ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಆ ಕಡೆಯವರು ಮಾತು ನಿಲ್ಲಿಸಿದಾಗ ಅನೇಕ ವ್ಯವಸ್ಥೆಗಳು ಪ್ಯಾಕೆಟ್ ಕಳಿಸುವುದನ್ನೂ ನಿಲ್ಲಿಸುತ್ತವೆ. ಮೌನಕ್ಕೆ ಯಾಕೆ ಜಾಗ ದಂಡ ಮಾಡಬೇಕು ಎಂಬ ಲೆಕ್ಕ. ಆದರೆ ಪೂರ್ತಿ ನಿಶ್ಶಬ್ದವಾದರೆ ಕೇಳುವವರು ಲೈನು ಹೋಯಿತೆಂದು ಇಟ್ಟುಬಿಡುತ್ತಾರೆ. ಅದಕ್ಕಾಗಿ ನಮ್ಮ ಕೈಯಲ್ಲಿರುವ ಫೋನೇ ಸಣ್ಣಗೆ ಸುಯ್ಯೆಂಬ ಸದ್ದು ಹುಟ್ಟಿಸಿ ಕೇಳಿಸುತ್ತದೆ. ಕಂಫರ್ಟ್ ನಾಯ್ಸ್ ಅಂತ ಅದರ ಹೆಸರು.

ಹಳೆಯ ತಾಮ್ರದ ತಂತಿಯಲ್ಲಿ ಮೌನವೂ ದಾಟಿ ಬರುತ್ತಿತ್ತು. ಆ ಕಡೆಯ ಉಸಿರು, ಫ್ಯಾನಿನ ಸದ್ದು, ದೂರದಲ್ಲಿ ಅಳುವ ಕೂಸು. ಸಾವಿನ ಸುದ್ದಿ ಹೇಳಲು ಫೋನು ಮಾಡಿದವರು ಹಲೋ ಅಂದ ಮೇಲೆ ಒಂದು ಕ್ಷಣ ಸುಮ್ಮನಾಗುತ್ತಾರೆ. ಬಾಯಾರು ಆ ಸುಮ್ಮನಿರುವಿಕೆಯನ್ನು ಕೇಳಿಯೇ ಏನಾಗಿದೆಯೆಂದು ತಿಳಿಯುತ್ತಿದ್ದರು. ಪ್ರಶ್ನೆ ಕೇಳುತ್ತಿರಲಿಲ್ಲ. ಯಾರಿಗೆ ಕೊಡಬೇಕೋ ಅವರ ಪಕ್ಕದ ಟೇಬಲ್ಲಿನವರಿಗೆ ಮೊದಲು ರಿಂಗ್ ಮಾಡಿ, “ನೀವು ಎದ್ದು ಅವರ ಹತ್ರ ನಿಂದರ್ರಿ, ಊರಿಂದ ಫೋನ್ ಬಂದದ” ಅನ್ನುವರು. ಆಮೇಲೆ ಲೈನು ಕೊಡುವರು. ನನ್ನ ತಂದೆ ತೀರಿಕೊಂಡ ಸುದ್ದಿ ಕೇಳುವಾಗ ನನ್ನ ಹೆಗಲ ಮೇಲೆ ಒಬ್ಬರ ಕೈ ಇತ್ತು. ಆ ಕೈಯನ್ನು ಅಲ್ಲಿಗೆ ಕಳಿಸಿದವರು ಬಾಯಾರು.

ಕರೆಂಟು ಹೋದಾಗಲೂ ಆ ಹಳೆಯ ಫೋನು ಮಾತಾಡುತ್ತಿತ್ತು. ಪಟ್ಟಣದ ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ಅದೇ ತಂತಿಯಲ್ಲಿ ಬರುತ್ತಿತ್ತು. ಬೋರ್ಡಿಗೂ ತನ್ನದೇ ಬ್ಯಾಟರಿ ಇತ್ತು, ಅದರ ನೀರು ನೋಡುತ್ತಿದ್ದವರೂ ಬಾಯಾರೇ. ಈಗಿನ ಫೋನಿಗೆ ಕೇಬಲ್ಲಿನ ಆ ತುದಿಯ ಸ್ವಿಚ್ಚಿನಿಂದ ಕರೆಂಟು. ಯುಪಿಎಸ್ ದಣಿದರೆ ಇಡೀ ಕಚೇರಿ ಮೂಕ.

ಹೊಸ ಫೋನು ಬಂದ ವರ್ಷವೇ ಬಾಯಾರು ನಿವೃತ್ತರಾದರು. ಆ ಹುದ್ದೆಗೆ ಮತ್ತೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಈಗ ಬೋರ್ಡಿನ ನಂಬರಿಗೆ ಮಾಡಿದರೆ ಧ್ವನಿಮುದ್ರಿಕೆ ಎತ್ತುತ್ತದೆ. ಕನ್ನಡಕ್ಕೆ ಒಂದು, ಆ ಶಾಖೆಗೆ ಎರಡು, ಈ ಶಾಖೆಗೆ ಮೂರು. ಕೊನೆಗೆ, ಸಹಾಯಕ್ಕಾಗಿ ಒಂಬತ್ತು. ಒಂಬತ್ತು ಒತ್ತಿದರೆ ಖಾಲಿ ಟೇಬಲ್ಲೊಂದರ ಮೇಲೆ ಫೋನು ಬಾರಿಸಿ ಬಾರಿಸಿ, ಕರೆ ಮತ್ತೆ ಕನ್ನಡಕ್ಕೆ ಒಂದು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ದಪ್ಪ ಕನ್ನಡಕದ ಸಾಹೇಬರು ಬೇಕು ಎಂದು ಹೇಳಿಕೊಳ್ಳಲು ಅಲ್ಲಿ ಎಡೆಯೇ ಇಲ್ಲ.

ಬಾಯಾರು ಹೋದ ವರ್ಷ ತೀರಿಕೊಂಡರು. ನನಗೆ ತಿಳಿದದ್ದು ಹದಿಮೂರನೆಯ ದಿನ ಕಳೆದ ಮೇಲೆ. ಹಳೆಯ ಸಹೋದ್ಯೋಗಿಗಳಲ್ಲಿ ಎಷ್ಟೋ ಜನರಿಗೆ ನಾನು ಹೇಳಿದಾಗಲೇ ಗೊತ್ತಾಯಿತು. ಇಂಥ ಸುದ್ದಿಯನ್ನು ಎಲ್ಲರಿಗೂ ಮುಟ್ಟಿಸುತ್ತಿದ್ದವರೇ ಅವರಾಗಿದ್ದರು. ಅವರ ಹೊರತು ಆ ಕೆಲಸ ಮಾಡುವವರು ನಮ್ಮಲ್ಲಿ ಯಾರೂ ಇರಲಿಲ್ಲ.

ಹೊಸ ಫೋನನ್ನು ನಾನು ದೂರುವುದಿಲ್ಲ. ಮೈಸೂರಿನ ಶಾಖೆಗೂ ನಮಗೂ ಈಗ ಎಕ್ಸ್‌ಟೆನ್ಶನ್ನೇ ಸಾಕು, ದೂರದ ಬಿಲ್ಲಿಲ್ಲ. ಇದು ಸಣ್ಣ ಉಪಕಾರವಲ್ಲ. ಮನುಷ್ಯರನ್ನು ತೆಗೆಯಿರಿ ಎಂದು ಸಿಪ್ ಎಲ್ಲೂ ಹೇಳಿಲ್ಲ. ಒಂದು ನಂಬರಿಗೆ ಬಂದ ಕರೆಯನ್ನು ನಾಲ್ಕು ಟೇಬಲ್ಲುಗಳಲ್ಲಿ ಒಮ್ಮೆಗೇ ಬಾರಿಸುವ ಸೌಲಭ್ಯ ಅದರಲ್ಲೇ ಇದೆ, ಹೊಸ ತಂತಿ ಎಳೆಯಬೇಕಾಗಿಲ್ಲ. ಕಚೇರಿ ನಡೆಸುವವರಲ್ಲಿ, ಫೋನಿನ ವ್ಯವಸ್ಥೆ ನೋಡಿಕೊಳ್ಳುವ ತರುಣರಲ್ಲಿ ನನ್ನ ವಿನಂತಿ ಇಷ್ಟು: ಆ ಒಂಬತ್ತಕ್ಕೆ ಒಬ್ಬರನ್ನು ಕೂಡಿಸಿರಿ. ಕೂಡಿಸುವ ಮೊದಲು ಅವರನ್ನು ಇಡೀ ಕಚೇರಿ ಸುತ್ತಾಡಿಸಿ, ಯಾವ ಟೇಬಲ್ಲಿನಲ್ಲಿ ಯಾರಿದ್ದಾರೆಂದು ಮುಖ ತೋರಿಸಿ ಪರಿಚಯ ಮಾಡಿಕೊಡಿರಿ.